ಎಸ್ ಇಲ್ಲದ ಸಾಲು

“ಪುಟದಲ್ಲಿ ಏನೂ ಇಲ್ಲಮ್ಮ. ಹಾಲು ಚೆಲ್ಲಿದ ಹಾಗೆ ಬೆಳ್ಳಗಿದೆ. ಕಣ್ಣಿನ ಪೊರೆ ತೆಗೆಸಿ ಆರು ತಿಂಗಳಾಯ್ತು, ನನ್ನ ಕಣ್ಣಿನ ತಪ್ಪಲ್ಲ,” ಎಂದಿತು ಫೋನಿನಲ್ಲಿ ವಯಸ್ಸಾದ ದನಿ.

ಹವಾಮಾನ ಕಚೇರಿಯ ವೆಬ್‌ಸೈಟ್ ನೋಡಿಕೊಳ್ಳುವವಳು ಊಟದ ಡಬ್ಬಿಯ ಮುಚ್ಚಳ ಆಗಷ್ಟೇ ತೆಗೆದಿದ್ದಳು. ಮಾತಾಡುತ್ತಿದ್ದವರು ಒಂದು ಸಣ್ಣ ಬಂದರಿನ ಬಾವುಟದ ಯಜಮಾನರು. ದಿನಾ ಮಧ್ಯಾಹ್ನ ಎಚ್ಚರಿಕೆಯ ಪುಟ ನೋಡಿ, ಗಾಳಿಯಿದ್ದರೆ ಕೆಂಪು, ಇಲ್ಲದಿದ್ದರೆ ಹಸಿರು ಬಾವುಟ ಏರಿಸುವುದು ಅವರ ಕೆಲಸ. ಎರಡು ಗಂಟೆಗೆ ದೋಣಿಗಳು ಕಡಲಿಗೆ ಇಳಿಯುತ್ತವೆ. ಈಗ ಒಂದೂವರೆ.

ಅವಳು ತನ್ನ ಪರದೆ ನೋಡಿದಳು. ಪುಟ ಅಚ್ಚುಕಟ್ಟಾಗಿತ್ತು. ಕೆಂಪು ಚೌಕದೊಳಗೆ ದಪ್ಪ ಅಕ್ಷರ: ನಾಲ್ಕರ ನಂತರ ಬಿರುಗಾಳಿ, ಯಾರೂ ಕಡಲಿಗಿಳಿಯಬಾರದು. “ಇಲ್ಲಿ ಚೆನ್ನಾಗೇ ಕಾಣ್ತಿದೆ ಯಜಮಾನ್ರೇ. ನಿಮ್ಮ ಕಂಪ್ಯೂಟರೇ ಹಳೇದಿರಬೇಕು. ಮೊದಲು ಕೆಂಪು ಏರಿಸಿ, ಬಿರುಗಾಳಿ ಇದೆ.”

“ಏರಿಸಿ ಬಂದೇ ಫೋನ್ ಮಾಡಿದ್ದು. ಗಾಳಿ ಇಲ್ಲದ ದಿನಾನೂ ನೀವು ‘ಎಚ್ಚರಿಕೆ ಇಲ್ಲ’ ಅಂತ ಬರೀತೀರಿ. ಬರೀದೇ ಇರೋ ಪುಟಾನ ನಾನು ನಂಬಲ್ಲ. ಆದ್ರೆ ಕಂಪ್ಯೂಟರ್ ಮೇಲೆ ತಪ್ಪು ಹೊರಿಸ್ಬೇಡಿ ತಾಯಿ, ಬೇರೆ ಸೈಟೆಲ್ಲ ಬರ್ತಿದೆ. ನಿಮ್ಮದೊಂದೇ ಮೂರು ದಿನದಿಂದ ಹೀಗೆ. ಸರಿಹೋಗುತ್ತೆ ಅಂತ ಎರಡು ದಿನ ಕೆಂಪು ಏರಿಸಿಯೇ ಕಾದೆ.”

ಮೂರು ದಿನ. ಮೂರು ದಿನದ ಹಿಂದೆಯೇ ಅವಳು ಸೈಟಿಗೆ ಭದ್ರತೆಯ ಬೀಗ ಹಾಕಿದ್ದು. ಎಲ್ಲ ವಿಳಾಸಗಳನ್ನೂ ಒಂದೊಂದಾಗಿ ಬದಲಿಸಿ, ಮೇಲಧಿಕಾರಿಯಿಂದ ಭೇಷ್ ಅನ್ನಿಸಿಕೊಂಡಿದ್ದಳು. ಕುಣಿಯಲು ಬಾರದವಳು ನೆಲ ಡೊಂಕು ಅಂದ ಹಾಗಾಯಿತಲ್ಲ ಎಂದು ಮುಖ ಬಿಸಿಯಾಯಿತು.

“ಎಫ್ ಹನ್ನೆರಡು ಒತ್ತಿ. ಕನ್ಸೋಲ್ ಅನ್ನೋ ಕಡೆ ತಪ್ಪು ತೋರಿಸೋ ಕೆಂಪು ಸಾಲು ಬಂತಾ? ಅದರಲ್ಲಿ ವಿಳಾಸಗಳಿದ್ರೆ ಒಂದೊಂದಕ್ಷರ ಓದಿ.”

“ಬಂತು, ಬಂತು. ಎಚ್, ಟಿ, ಟಿ, ಪಿ, ಎಸ್… ಇದು ನಿಮ್ಮ ಪುಟ. ಮುಂದೆ ಇನ್ನೊಂದಿದೆ. ಎಚ್, ಟಿ, ಟಿ, ಪಿ…” ಅವರು ತಡೆದರು. “ಇದಕ್ಕೆ ಎಸ್ ಇಲ್ಲಮ್ಮ.”

ಅವಳಿಗೆ ಎಲ್ಲ ಹೊಳೆಯಿತು. ಎಚ್ಚರಿಕೆ ಬರುವುದು ಎಕ್ಸ್‌ಎಂಎಲ್ ಕಡತವಾಗಿ, ಬರೀ ಅಂಕಿ, ಹೆಸರುಗಳ ಕಂತೆ. ಅದನ್ನು ಓದಲಾಗುವ ಪುಟವಾಗಿ ಜೋಡಿಸುವುದು ಇನ್ನೊಂದು ಕಡತ. ಆ ಜೋಡಿಸುವ ಕಡತದ ವಿಳಾಸವಿದ್ದ ಒಂದೇ ಒಂದು ಸಾಲು ಅವಳ ಕಣ್ತಪ್ಪಿಸಿ ಎಸ್ ಇಲ್ಲದ, ಅಂದರೆ ಬೀಗವಿಲ್ಲದ ಹಳೆಯ ದಾರಿಯಲ್ಲೇ ಉಳಿದಿತ್ತು. ಬೀಗ ಹಾಕಿದ ಮನೆಗೆ ಬೀಗವಿಲ್ಲದ ದಾರಿಯಿಂದ ಬಂದದ್ದನ್ನು ಬ್ರೌಸರ್ ಒಳಗೆ ಬಿಡಲಿಲ್ಲ. ಬಿಡಲಿಲ್ಲವೆಂದು ಪುಟದ ಮೇಲೆ ಹೇಳಲೂ ಇಲ್ಲ. ಕಚೇರಿಯ ಕಂಪ್ಯೂಟರುಗಳು ಮಾತ್ರ ಇನ್ನೂ ಒಳಗಿನ ಹಳೆಯ ವಿಳಾಸದಲ್ಲೇ ಪುಟ ತೆರೆಯುತ್ತಿದ್ದವು. ಹಾಗಾಗಿ ಅವಳ ಕಣ್ಣಿಗೆ ಎಲ್ಲವೂ ಸರಿ.

ಎಸ್ ಸೇರಿಸಲು ಒಂದು ನಿಮಿಷವೂ ಬೇಕಾಗಲಿಲ್ಲ. “ಈಗ ನೋಡಿ.”

“ಬಂತಮ್ಮ! ಕೆಂಪು ಚೌಕ, ದಪ್ಪ ಅಕ್ಷರ. ಭಲೇ.” ಆಮೇಲೆ ಅವರೇ ಮೆಲ್ಲಗೆ ಕೇಳಿದರು, “ಉಳಿದ ಬಂದರಿನವರು ಯಾರೂ ಫೋನ್ ಮಾಡಿರ್ಲಿಲ್ವಾ?”

ಯಾರೂ ಮಾಡಿರಲಿಲ್ಲ. ಪುಟ ಸರಿಹೋಯಿತು, ನಿಜ. ಆದರೆ ಆಗಲೇ ಖಾಲಿ ಪುಟ ನೋಡಿ ಹಸಿರು ಏರಿಸಿದವರು ಮತ್ತೆ ತಿರುಗಿ ನೋಡುತ್ತಾರೆಯೇ? ಬಂದರುಗಳ ಪಟ್ಟಿ ಹುಡುಕಿ ಫೋನಿಗೆ ಕೂತಳು. ಮೊದಲಿನ ನಾಲ್ಕು ಕಡೆ ದೋಣಿಗಳಿನ್ನೂ ದಡದಲ್ಲಿದ್ದವು. ಎರಡು ಗಂಟೆ ಹೊಡೆಯುವಾಗ ಐದನೆಯ ಬಂದರಿನಲ್ಲಿ ಹೆಂಗಸೊಬ್ಬಳು ಫೋನ್ ಎತ್ತಿದಳು.

“ಪುಟ ಖಾಲಿ ಇತ್ತಲ್ಲ ಅಕ್ಕ, ಗಾಳಿ ಇಲ್ಲ ಅಂದ್ಕೊಂಡೆ. ಒಂಬತ್ತು ದೋಣಿ ಈಗಷ್ಟೇ ಹೊರಟ್ವು.”

“ಸೈರನ್ ಒತ್ತಿ. ಈಗಲೇ!” ಅವಳ ಕೂಗಿಗೆ ಪಕ್ಕದ ಮೇಜಿನವರು ತಿರುಗಿ ನೋಡಿದರು.

ಫೋನು ಮೇಜಿನ ಮೇಲೆ ಬಿದ್ದ ಸದ್ದು, ಓಡುವ ಹೆಜ್ಜೆ, ನಂತರ ಉದ್ದನೆಯ ಸೈರನ್. ರಿಸೀವರನ್ನು ಅವಳು ಕಿವಿಗೆ ಒತ್ತಿ ಹಿಡಿದಳು. ಸೈರನ್ ನಿಂತಿತು, ಮತ್ತೆ ಕೂಗಿತು, ಮತ್ತೆ ನಿಂತಿತು. ಕೊನೆಗೆ ಏದುಸಿರಿನ ದನಿ ಮರಳಿ ಬಂತು. “ಮುಂದಿನದು ತಿರುಗ್ತು ಅಕ್ಕ. ಹಿಂದಿನ ಮೂರೂ ತಿರುಗಿದ್ವು… ಆರು… ಎಂಟು. ಒಂದು ಮಾತ್ರ ಹೋಗ್ತಾನೇ ಇದೆ.”

“ಯಾರದ್ದು?”

“ನಮ್ಮನೆಯವರದ್ದು. ಅವರ ಕಿವಿ ಸ್ವಲ್ಪ ಮಂದ.”

ನನ್ನಿಂದಲೇ ಎಲ್ಲ ಆದದ್ದು ಎಂದು ಹೇಳಿಬಿಡಬೇಕೆನಿಸಿತು ಅವಳಿಗೆ. ಆದರೆ ಅದಕ್ಕೆ ಇದು ಹೊತ್ತಲ್ಲ. ಆ ಕಡೆಯವಳ ಉಸಿರು ಮಾತ್ರ ಕೇಳುತ್ತಿತ್ತು.

“ಪಕ್ಕದ ದೋಣಿಯವರು ಅಡ್ಡ ಹೋಗಿ ಕೈ ಬೀಸ್ತಿದ್ದಾರೆ,” ಎಂದಳು ಆಕೆ. ಆಮೇಲೆ, ಎಷ್ಟೋ ಹೊತ್ತಿನ ಮೇಲೆ ಎಂಬಂತೆ, “ತಿರುಗ್ತು ಅಕ್ಕ.”

“ತಪ್ಪು ನಂದು ತಂಗೀ,” ಎಂದಳು ಇವಳು. “ಪುಟ ಹಾಳು ಮಾಡಿದ್ದು ನಾನೇ. ಯಾರಾದ್ರೂ ನಿಮ್ಮನ್ನ ಬೈದ್ರೆ ನನ್ನ ನಂಬರ್ ಕೊಡಿ.”

“ಆಗಲೇ ಶುರುವಾಯ್ತು. ನಮ್ಮನೆಯವರು ದಿನದ ದುಡಿಮೆ ಹೋಯ್ತು ಅಂತ ದೋಣಿಯಿಂದಲೇ ಬಾಯಿಗೆ ಬಂದ ಹಾಗೆ ಬೈತಾ ಬರ್ತಿದ್ದಾರೆ.” ಆಕೆ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. “ಎಷ್ಟು ಚೆನ್ನಾಗಿ ಕೇಳಿಸ್ತಿದೆ ಗೊತ್ತಾ ಅಕ್ಕ.”