ಒಳಪುಟದ ಮೂಲೆ

ಬೆಳಗಿನ ಕಾಫಿಯ ಜೊತೆ ಪೇಪರು ಓದುವುದೆಂದರೆ ಕಥೆಗಾರರಿಗೆ ಹಬ್ಬ. ದಪ್ಪಕ್ಷರದ ರಾಜಕೀಯವನ್ನು ಹಾರಿಸಿ ಅವರ ಕಣ್ಣು ನೆಟ್ಟಗೆ ಒಳಪುಟದ ಮೂಲೆಗೆ ಹೋಗುತ್ತಿತ್ತು. ಕಥೆಗಳೆಲ್ಲ ಸಿಗುತ್ತಿದ್ದದ್ದು ಅಲ್ಲೇ. ಹೋದ ತಿಂಗಳು ಅಲ್ಲಿ ‘ಕಾಣೆಯಾಗಿದ್ದಾರೆ’ ಎಂಬ ಪ್ರಕಟಣೆಯಿತ್ತು: ಎಡಹುಬ್ಬಿನ ಮೇಲೆ ಗಾಯದ ಗುರುತು, ಕೈಯಲ್ಲಿ ಮರದ ಹಿಡಿಯ ಛತ್ರಿ. ಕಾಣೆಯಾದವನು ಅದೇ ಛತ್ರಿ ಹಿಡಿದು ಮನೆಗೆ ಮರಳುವ ಹಾಗೆ ಅವರು ಬರೆದ ಕಥೆ ಅದೇ ಪೇಪರಿನ ಭಾನುವಾರದ ಪುರವಣಿಯಲ್ಲಿ ಬಂದು, ಒಳ್ಳೆಯ ಹೆಸರನ್ನೂ ತಂದಿತ್ತು.

ಇವತ್ತು ಆ ಛತ್ರಿಯವನ ಹೆಂಡತಿ ಬಂದು ಎದುರಿಗೆ ಕೂತಿದ್ದಳು.

“ಅದು ಬರೀ ಕಥೆ ಕಣಮ್ಮಾ. ಅವರು ಎಲ್ಲಿದ್ದಾರೋ ನನಗೆ ಗೊತ್ತಿಲ್ಲ.”

“ನಂಗೊತ್ತು ಸಾರ್. ಹೋದ ವಾರ ನಾಲೆಯಲ್ಲಿ ಹೆಣ ಸಿಕ್ತು. ಮಣ್ಣೂ ಮಾಡಿದ್ವಿ.” ಅವಳ ದನಿಯಲ್ಲಿ ಏರಿಳಿತವೇ ಇರಲಿಲ್ಲ.

ಕಥೆಗಾರರು ಕೈಯಲ್ಲಿದ್ದ ಪೇಪರು ಮಡಿಸಿ ಪಕ್ಕಕ್ಕಿಟ್ಟರು. “ಮತ್ತೆ... ನನ್ನಿಂದೇನಾಗಬೇಕಿತ್ತು?”

“ನಮ್ಮತ್ತೆ ನಂಬ್ತಿಲ್ಲ. ‘ನನ್ನ ಮಗ ವಾಪಸ್ ಬಂದ ಅಂತ ಪೇಪರಲ್ಲೇ ಬಂದೈತೆ’ ಅಂತ ತಿಥಿ ಮಾಡೋಕೂ ಬಿಡ್ತಿಲ್ಲ. ಇನ್ನೊಂದು ಕಥೆ ಬರೆದು ನಮ್ಮ ಯಜಮಾನ್ರನ್ನ ಸಾಯಿಸಿಕೊಡಿ ಸಾರ್.”