ಗುಡ್ಡ ಹತ್ತಿದ ಹಿಮ

ಹಿಮನದಿಯ ಮೇಲೆ ನೆಟ್ಟ ಕಂಬಗಳು ಎಲ್ಲೆಲ್ಲಿವೆ ಎಂಬುದನ್ನು ಉಪಗ್ರಹದ ಮೂಲಕ ತಿಳಿದು ನಕ್ಷೆ ಬಿಡಿಸುವ ತಂತ್ರಾಂಶವನ್ನು ಬರೆದವಳು ವಾರಿಜಾಕ್ಷಿ. ಆ ಬೆಳಿಗ್ಗೆ ಪರದೆ ನೋಡಿದವಳೇ ಬೆಚ್ಚಿದಳು. ನೀರು ಮೇಲಕ್ಕೆ ಹರಿದಂತೆ, ಕಂಬಗಳ ಚುಕ್ಕೆಗಳೆಲ್ಲ ಒಟ್ಟಾಗಿ ಪರ್ವತವನ್ನು ಏರುತ್ತಿದ್ದವು. ತಾನೇ ಏನೋ ತಪ್ಪು ಬರೆದಿರಬೇಕೆಂದು ಸಾಲು ಸಾಲಾಗಿ ಹುಡುಕಿದಳು. ತಪ್ಪು ಸಿಗಲಿಲ್ಲ. ಅದು ಸಿಗದೆ ಹೋದದ್ದೇ ಅವಳನ್ನು ಇನ್ನಷ್ಟು ಹೆದರಿಸಿತು. ಹಿಮಾಲಯದ ಶಿಬಿರದಲ್ಲಿದ್ದ ಸಹೋದ್ಯೋಗಿ ಗುರುಲಿಂಗನಿಗೆ ಫೋನ್ ಮಾಡಿದಳು.

“ಹಿಮ ಎಲ್ಲಾದ್ರೂ ಗುಡ್ಡ ಹತ್ತತ್ತಾ ಮೇಡಂ?” ಅವನು ನಕ್ಕ. “ಇಲ್ಲಿ ಏನೂ ಆಗಿಲ್ಲ. ನಾಲ್ಕೂ ಜನ ಆರಾಮಾಗಿ ಚಹಾ ಕುಡೀತಿದೀವಿ.”

“ನಗಬೇಡಿ. ಆ ಕಂಬಗಳ ದೂರಾನ ಎಲ್ಲಿಂದ ಅಳೀತಿದೀರಿ?”

“ಅದಕ್ಕೆ ಅಂತ ಹಿಮದ ಆಚೆ, ಗಟ್ಟಿ ನೆಲದಲ್ಲಿ ಒಂದು ಕಂಬ ನಿಲ್ಸಿದೀವಿ, ಉಪಗ್ರಹದ ಲೆಕ್ಕ ಎಲ್ಲಾ ಅದರಿಂದಲೇ. ಅದು ಅಲ್ಲಾಡೋ ಮಾತೇ ಇಲ್ಲ. ನಮ್ಮ ಡೇರೆನೂ ಅದರ ಪಕ್ಕದಲ್ಲೇ ಇದೆ.”

ಅವಳು ಕುರ್ಚಿಯಿಂದ ಧಡಕ್ಕನೆ ಎದ್ದಳು.

“ಗುರುಲಿಂಗ, ಎಲ್ಲರನ್ನೂ ಕರ್ಕೊಂಡು ಈಗಲೇ ಓಡಿ. ಹಿಮ ಮೇಲಕ್ಕೆ ಹೋಗ್ತಿಲ್ಲ, ನೀವು ಕೂತಿರೋ ನೆಲಾನೇ ಕೆಳಗೆ ಜಾರ್ತಿದೆ.”