ವಾಣಿಯ ಹದಿನಾಲ್ಕು ಕೆ.ಜಿ.

ವಾದಿರಾಜ ತಂಗಿಯ ಕೈಚೀಲವನ್ನು ಊಟದ ಮೇಜಿನ ಮೇಲೆ ಬೋರಲು ಹಾಕಿದ. ಕನ್ನಡಕದ ಡಬ್ಬಿ, ಬಸ್ ಪಾಸು, ಎರಡು ಕೆಂಪು ಪೆನ್ನು. ಕೊನೆಗೆ ಎಣ್ಣೆ ಹೀರಿದ ಕಾಗದದ ಪೊಟ್ಟಣವೊಂದು ಬಿತ್ತು.

“ಏನಿದು?”

“ಆಂಬೊಡೆ,” ಎಂದಳು ವಾಣಿ. “ಸ್ಕೂಲಲ್ಲಿ ಯಾರದೋ ಹುಟ್ಟಿದಬ್ಬ. ಧೃತಿಗೆ ಅಂತ ತಂದೆ.”

“ಧೃತಿಗೆ ಒಂದು. ದಾರೀಲಿ ಎಷ್ಟು ಖಾಲಿ ಆಯ್ತು?”

ಅವನು ತೂಕದ ಯಂತ್ರವನ್ನು ಕಾಲಿನಿಂದಲೇ ತಳ್ಳಿಕೊಂಡು ಬಂದ. ಅವಳು ಹತ್ತಿ ನಿಂತಳು. ಎಪ್ಪತ್ತನಾಲ್ಕೂವರೆ. ನಿನ್ನೆಯೂ ಅಷ್ಟೇ ಇತ್ತು.

“ನೆತ್ತಿ ಮೇಲೆ ತ್ರಿಶೂಲ ನೆಟ್ಟಮೇಲೆ ದಿನಾ ಬೆಳೀತಿದ್ದ ಗುಡಿಯ ಕಲ್ಲು ಬಸವಣ್ಣ ಕೂಡ ಬೆಳೆಯೋದು ನಿಲ್ಲಿಸಿದ,” ಎಂದ ವಾದಿರಾಜ. “ನಿನಗೆ ಏನು ನೆಡಬೇಕೋ ಕಾಣೆ.”

ಅವನಿಗೆ ಐವತ್ಮೂರು. ಕಾಲೇಜಿನಲ್ಲಿ ಸಂಸ್ಕೃತ ಹೇಳುವವನು. ಕಡ್ಡಿಯಂಥ ಮೈ. ಮದುವೆಗೆ ಹೊಲಿಸಿದ ಕೋಟು ಇಂದಿಗೂ ಹಿಡಿಸುತ್ತದೆ ಎಂಬುದು ಅವನ ಹೆಮ್ಮೆ. ದಪ್ಪಗಿರುವವರನ್ನು ಕಂಡರೆ ಅವನಿಗೆ ಅಸಹ್ಯ. ನಾಲಿಗೆ ಗೆಲ್ಲಲಾರದ ಜನ ಎನ್ನುತ್ತಿದ್ದ. ಈಚೆಗಂತೂ ಸಾರಿಗೆ ಉಪ್ಪು ಹಾಕಿಸಿಕೊಳ್ಳುವುದನ್ನೂ ಬಿಟ್ಟಿದ್ದ. ಸಪ್ಪೆ ಅನ್ನ ಕಲಸುತ್ತಾ, “ನೋಡಿ ಕಲಿ,” ಎಂದು ತಂಗಿಯ ತಟ್ಟೆಯ ಕಡೆ ನೋಡುತ್ತಿದ್ದ.

ವಾಣಿ ಚಾಮರಾಜಪೇಟೆಯ ಹೈಸ್ಕೂಲೊಂದರಲ್ಲಿ ಗಣಿತದ ಟೀಚರು. ಅವಳ ಇಪ್ಪತ್ತೈದನೆಯ ವಯಸ್ಸಿನಲ್ಲಿ ಒಂದು ಸಂಬಂಧ ಕೂಡಿಬಂದಿತ್ತು. ನೋಡಲು ಬಂದವರ ಎದುರಿಗೇ ಅಣ್ಣ, “ಮೊದಲು ನಿಮ್ಮನೆ ಬಾಗಿಲು ಅಗಲ ಮಾಡಿಸ್ಕೊಳಿ,” ಎಂದು ನಕ್ಕಿದ್ದ. ಅವರೂ ನಕ್ಕರು. ಮತ್ತೆ ಬರಲಿಲ್ಲ. ಇಪ್ಪತ್ತು ವರ್ಷವಾಯಿತು. ಎಂಟು ವರ್ಷದ ಹಿಂದೆ ಅತ್ತಿಗೆ ತೀರಿಕೊಂಡಾಗ, ಅಣ್ಣನ ಎಳೆಯ ಮಗಳು ಧೃತಿಯನ್ನು ನೋಡಿಕೊಳ್ಳಲು ವಾಣಿಯೇ ಎನ್.ಆರ್. ಕಾಲೋನಿಯ ಈ ಮನೆಗೆ ಬಂದಳು. ಅವತ್ತಿನಿಂದ ಅಡುಗೆಯೂ ಅವಳದೇ, ಬೈಗುಳವೂ ಅವಳಿಗೇ.

ಡಾಕ್ಟರು ಖಂಡಿತವಾಗಿ ಹೇಳಿದ್ದರು: ವಾಣಿಯ ತೂಕ ಎಂಬತ್ತನಾಲ್ಕರಿಂದ ಎಪ್ಪತ್ತಕ್ಕೆ ಇಳಿಯಬೇಕು. ನಾಲ್ಕು ತಿಂಗಳು ಸಮಯ. ಇಳಿಯದಿದ್ದರೆ ಆಪರೇಷನ್ ಇಲ್ಲ.

ಬೆಳಗ್ಗೆ ಆರಕ್ಕೇ ಪಾರ್ಕು. ವಾದಿರಾಜ ಕಪ್ಪು ಕನ್ನಡಕ ಹಾಕಿಕೊಂಡು ಕಲ್ಲುಬೆಂಚಿನ ಮೇಲೆ ಕೂತು, ಮೊಣಕಾಲ ಕೆಳಗೆ ಕೆರೆದುಕೊಳ್ಳುತ್ತಾ ಸುತ್ತು ಎಣಿಸುತ್ತಿದ್ದ. ವಾಣಿ ನಡೆಯುತ್ತಿದ್ದಳು.

“ಕಾಲೇಜಿಗೆ ಹೋಗ್ತಿಲ್ವಾ ಮೇಷ್ಟ್ರೇ?” ಎಂದು ಕೇಳಿದರು ಪಕ್ಕದ ಬೀದಿಯ ಲಕ್ಷ್ಮೀಶ.

“ರಜೆ ಹಾಕಿದೀನಿ. ಮನೇಲಿ ಆಪರೇಷನ್ ಇದೆ. ಇವಳ ಕೊಬ್ಬು ಕರಗೋ ತನಕ ಡಾಕ್ಟ್ರು ಮುಟ್ಟಲ್ಲ ಅಂತಿದಾರೆ.”

ಲಕ್ಷ್ಮೀಶ ಮರುಕದಿಂದ ವಾಣಿಯತ್ತ ತಿರುಗಿದರು. “ಬೇಗ ಹುಷಾರಾಗಮ್ಮ.”

ವಾಣಿ ಅಣ್ಣನ ಮುಖ ನೋಡಿದಳು. ಅವನು ಗಡಿಯಾರ ನೋಡಿಕೊಳ್ಳುತ್ತಿದ್ದ. “ಆಗ್ಲಿ ಸಾರ್,” ಎಂದು ಮುಂದಕ್ಕೆ ನಡೆದಳು.

ಅಂದು ಸಂಜೆ ಸ್ಕೂಲು ಮುಗಿಸಿ ಅವಳು ಮನೆಗೆ ಬರಲಿಲ್ಲ. ಗಾಂಧಿ ಬಜಾರಿನ ಹೋಟೆಲೊಂದಕ್ಕೆ ಹೋಗಿ ಕೂತು ಮಸಾಲೆ ದೋಸೆ ಹೇಳಿದಳು. ಬಂತು. ಮೇಲಿನ ಬೆಣ್ಣೆ ಕರಗಿ ಅಂಚಿಗೆ ಹರಿಯಿತು. ಒಂದು ತುತ್ತು ತಿಂದಳು. ದಿನಕ್ಕೊಂದು ಹೀಗೇ ತಿಂದರೆ ಸಾಕು, ಆಪರೇಷನ್ ತಾನಾಗಿ ನಿಂತುಹೋಗುತ್ತದೆ ಎಂಬ ಯೋಚನೆ ಬಂತು. ಯಾರೂ ಏನೂ ಅನ್ನುವಂತಿಲ್ಲ. ಅವಳು ಮೊದಲಿನಿಂದಲೂ ನಾಲಿಗೆ ಗೆಲ್ಲಲಾರದವಳಲ್ಲವೇ. ಆ ಯೋಚನೆ ದೋಸೆಗಿಂತ ರುಚಿಯಾಗಿತ್ತು.

ಆಗ ಫೋನು ಬಂತು. ಧೃತಿ.

“ಎಲ್ಲಿದೀರಾ ಅತ್ತೆ? ಅಪ್ಪ ಇವತ್ತೂ ಏನೋ ಅಂದ್ರಾ?” ಎಂದಳು ಹುಡುಗಿ. “ಬೇಜಾರಾಗಿ ಎಲ್ಲ ಬಿಟ್ಟುಬಿಡಬೇಡಿ ಅತ್ತೆ.”

ವಾಣಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. “ಬಿಡಲ್ಲ ಪುಟ್ಟ. ಬರ್ತಿದೀನಿ.” ಮನೆಯವರೆಗೂ ನಡೆದೇ ಬಂದಳು.

ಮುಂದಿನ ಐದು ವಾರ ಮುದ್ದೆ, ಸೊಪ್ಪು, ಮಜ್ಜಿಗೆ, ನಡಿಗೆ.

ಕೊನೆಯ ಭೇಟಿಯ ದಿನ ಡಾ. ಆರಾಧನಾ ವಾದಿರಾಜನನ್ನು ಹೊರಗೆ ಕೂರಿಸಿ, ವಾಣಿಯೊಬ್ಬಳನ್ನೇ ಒಳಗೆ ಕರೆದರು. ತೂಕ ಅರವತ್ತೊಂಬತ್ತೂಮುಕ್ಕಾಲು. ರಿಪೋರ್ಟುಗಳೆಲ್ಲ ಸರಿಯಿದ್ದವು.

“ದೊಡ್ಡ ಆಪರೇಷನ್ನು. ಜೀವಕ್ಕೆ ಅಪಾಯವೇ ಇಲ್ಲ ಅಂತ ನಾನು ಹೇಳಲ್ಲ,” ಎಂದರು ಡಾಕ್ಟರು. “ಬೇಡ ಅನ್ಸಿದ್ರೆ ಈಗ್ಲೂ ಹೇಳಿ. ರಿಪೋರ್ಟು ಸರಿ ಬಂದಿಲ್ಲ ಅಂತ ಹೊರಗೆ ನಾನೇ ಹೇಳ್ತೀನಿ. ನಿಮ್ಮಣ್ಣನಿಗೆ ಗೊತ್ತಾಗಲ್ಲ. ಅವರು ಬಲವಂತ ಮಾಡ್ತಿದಾರಾ?”

“ಅವನ ಬಾಯಿಗೆ ಹೆದರಿ ಬಂದಿಲ್ಲ ಡಾಕ್ಟ್ರೇ. ಅವನನ್ನ ಮೆಚ್ಚಿಸೋಕೂ ಅಲ್ಲ.”

“ಮತ್ತೆ?”

“ಧೃತಿಗಿನ್ನೂ ಹದಿನಾರು. ಅಮ್ಮ ಹೋಗಿದ್ದನ್ನ ನೋಡಿದಾಳೆ. ಆ ಮಗು ಮನೇಲಿ ಇನ್ನೊಂದು ಸಾವು ನೋಡಬಾರದು.” ವಾಣಿ ಕೈ ಚಾಚಿ ಪೆನ್ನು ತೆಗೆದುಕೊಂಡಳು. “ಎಲ್ಲಿ ಸಹಿ ಹಾಕ್ಲಿ?”

ವಾದಿರಾಜನನ್ನು ಒಳಗೆ ಕರೆದರು. ಕುರ್ಚಿಯಲ್ಲಿ ಕೂರುವ ಮೊದಲೇ ತೂಕ ಎಷ್ಟೆಂದು ಕೇಳಿದ. ಹೇಳಿದರು.

“ನಾನು ಬೆನ್ನು ಹತ್ತದೆ ಇದ್ದಿದ್ರೆ ಇಷ್ಟೂ ಇಳೀತಿರಲಿಲ್ಲ,” ಎಂದ. “ಇಂಥವರಿಗೆ ಮೈಯಿಂದ ಏನು ಪ್ರಯೋಜನ ಹೇಳಿ ಡಾಕ್ಟ್ರೇ. ಹೊತ್ಕೊಂಡು ತಿರುಗೋದು, ಅಷ್ಟೇ.”

ಡಾ. ಆರಾಧನಾ ಫೈಲು ಮುಚ್ಚಿದರು. “ನಿಮ್ಮ ತಂಗಿಯ ಲಿವರ್‌ನಲ್ಲಿ ಈಗ ಕೊಬ್ಬಿಲ್ಲ ವಾದಿರಾಜ್ ಅವರೇ. ಸೋಮವಾರ, ಕೊಬ್ಬು ತುಂಬಿ ಕೆಟ್ಟುಹೋಗಿರೋ ನಿಮ್ಮದನ್ನ ತೆಗೆದು, ಅವರದರಲ್ಲಿ ಅರ್ಧ ನಿಮಗೆ ಹಾಕ್ತೀವಿ.”